‘ಮನೇಲೇ ಇದ್ದೆ’ ಅಂದ ಸೊಸೆ

ಹೇಳ್ತಾ ಇದ್ದೆನಲ್ಲ ಪುಟ್ಟೀ, ನಿನ್ನ ಅತ್ತೆಗೆ, ಅದೇ ನನ್ನ ಸೊಸೆಗೆ, ಬಾಯಿ ಇರೋದು ಅಡುಗೆಮನೇಲಿ ಮಾತ್ರ. ಕೋರ್ಟಲ್ಲಿ ಜೀವನಾಂಶದ ಕೇಸಿಗೆ ಜಡ್ಜು, “ಏನು ಕೆಲಸ ಮಾಡ್ತಿದ್ರಮ್ಮಾ?” ಅಂತ ಕೇಳಿದ್ರೆ, “ಏನಿಲ್ಲ ಸಾರ್, ಮನೇಲೇ ಇದ್ದೆ” ಅಂದುಬಿಟ್ಟಳು! ಇಪ್ಪತ್ತು ವರ್ಷ ನಸುಕಿಗೇ ಎದ್ದು, ನಿನ್ನ ಮಾವನ ಬೇಕರಿಗೆ ಹಿಟ್ಟು ನಾದಿ ಮಣಿಕಟ್ಟು ಹಾಳು ಮಾಡಿಕೊಂಡವಳು ಅವಳು. ಬೇಕರಿ ಮನೆ ಹಿಂದೇನೇ ಇತ್ತಲ್ಲ, ಅವಳಿಗೆ ಅದೂ ಮನೆಗೆಲಸವೇ. ಬೇಸಿಗೇಲಿ ಆ ಓವನ್ ಪಕ್ಕ ನಿಂತರೆ ನಾವೇ ಬನ್ನಾಗಿಬಿಡ್ತೀವಿ ಕಣೇ. ಇರಲಿ, ಎಲ್ಲಿದ್ದೆ? ಹಾಂ, ಜೀವನಾಂಶ. ನಿನ್ನ ಮಾವನ ವಕೀಲ ಆ ಮಾತನ್ನೇ ಹಿಡಿದುಕೊಂಡ. “ಡೈವೋರ್ಸ್ ಆಯ್ತು, ಒಂದು ವರ್ಷ ಕೊಡ್ತೀವಿ, ಆಮೇಲೆ ದುಡಿದು ತಿನ್ನಲಿ” ಅಂದ. ಆ ಕೈಯಲ್ಲಿ ತುಂಬಿದ ಲೋಟ ಎತ್ತೋಕಾಗಲ್ಲ, ದುಡೀಬೇಕಂತೆ!

ನಿನ್ನೆ ನಿನ್ನ ಮಾವ, ಅದೇ ನನ್ನ ಮಗರಾಯ, ಬಂದು, “ಅಮ್ಮಾ, ನೀನು ಯಾರ ಕಡೆ?” ಅಂದ.

“ನಿನ್ನ ಹೆತ್ತವಳು ಕಣೋ, ಅದಕ್ಕೇ ಅವಳು ಬೇಕರೀಲಿ ದುಡೀಲೇ ಇಲ್ಲ ಅನ್ನೋ ನಿನ್ನ ಸುಳ್ಳು ನನಗೆ ಬೇಗ ಗೊತ್ತಾಗೋದು. ಆ ಕೈ ಯಾರ ಅಂಗಡಿಗೆ ಸವೀತು ಅಂತ ನಾನೇ ಸಾಕ್ಷಿ ಹೇಳ್ತೀನಿ. ಅವಳು ಬದುಕಿರೋವರೆಗೂ ಕೊಡಬೇಕು ನೀನು” ಅಂದೆ. ಮುಖ ಊದಿಸಿಕೊಂಡ. ತಿಂಡಿ ಮಾತ್ರ ಬಿಡಲಿಲ್ಲ.

ನಾಳೆ ಕೋರ್ಟು. ನನ್ನ ಕನ್ನಡಕದ ಕಡ್ಡಿ ಮುರಿದಿದೆ, ಈಗಲೇ ಹೋಗಿ ಸರಿಮಾಡಿಸಿಕೊಂಡು ಬಾ. ಅವನ ಮುಖ ನೋಡ್ಕೊಂಡೇ ಹೇಳಬೇಕು ನಾನು.