ಹೊಟ್ಟೆ ಬಿಟ್ಟ ಪೈಪು

ಕಾದ ಕಬ್ಬಿಣದ ಮೇಲೆ ಎಂಜಿನ್ ಎಣ್ಣೆ ಬಿದ್ದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಮೊನ್ನೆ ಸಾಂಗ್ಲಿಯ ವಿಶ್ರಾಮಬಾಗದ ಪೆಟ್ರೋಲ್ ಪಂಪಿನಲ್ಲಿ ಹಾಗೇ ಆಯಿತು. ಪಕ್ಕಕ್ಕೆ ನಿಂತ ಹಳೆಯ ಗಾಡಿಯೊಂದರ ಬಾನೆಟ್ ಸಂದಿಯಿಂದ ನೀಲಿ ಹೊಗೆ ಏಳುತ್ತಿತ್ತು. ಎಷ್ಟರದು ಹಾಕಲಿ ಎಂದು ಪಂಪಿನವನು ಕೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ನಾನು ಆಗ ಮಿರಜದ ನಮ್ಮ ಅಂಗಳದಲ್ಲಿದ್ದೆ. ನಿಮ್ಮೊಳಗೂ ಅಂಥದೊಂದು ಅಂಗಳ ಉಳಿದಿದ್ದರೆ, ವಾಸನೆಯೊಂದು ಮನುಷ್ಯನನ್ನು ಹೇಗೆ ಎಳೆದೊಯ್ಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಎರಡು ಖೋಲಿಯ ಮನೆ, ಮುಂದೆ ಉದ್ದನೆಯ ಇಕ್ಕಟ್ಟಾದ ಅಂಗಳ. ಆ ಅಂಗಳವೇ ಮಲ್ಲಕಾಕಾನ ಗ್ಯಾರೇಜು. ಅವನು ಅಪ್ಪನ ತಮ್ಮ. ಅವ್ವ ರೊಟ್ಟಿ ಬಡಿಯುವ ಸದ್ದು, ಕಾಕಾ ತಗಡು ಬಡಿಯುವ ಸದ್ದು, ಎರಡೂ ಒಂದರೊಳಗೊಂದು ಬೆರೆತು ನಮಗೆ ಬೆಳಗಾಗುತ್ತಿತ್ತು. ಅಪ್ಪ ಖಂಡೇರಾಜುರಿ ಕಡೆಗೆ ವಡಾಪದ ಜೀಪು ಹೊಡೆಯುತ್ತಿದ್ದ. ಜನ ತುಂಬಿದ ಮೇಲೆಯೇ ಹೊರಡುವ ಗಾಡಿ, ಒಳಗೆ ಹಿಡಿಸಿದಷ್ಟು ಒಳಗೆ, ಉಳಿದವರು ಹಿಂದೆ ಜೋತುಬಿದ್ದು. ಹಳೆಯ ಡೀಸೆಲ್ ಎಂಜಿನ್ನು, ಹಿಡಿತ ಕಡಿಮೆಯಾದ ಬ್ರೇಕು. ಸಂಜೆ ಆ ಜೀಪಿನ ಸದ್ದು ಕೇಳುವವರೆಗೆ ಅವ್ವ ನೀರು ಸಹ ಕುಡಿಯುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತ ಅವಳ ಸೆರಗು ಹಿಡಿದು ನಾನೂ ನಿಲ್ಲುತ್ತಿದ್ದೆ. ಅಕ್ಷರಕ್ಕಿಂತ ಮೊದಲು ನಾನು ಅವಳಿಂದ ಕಲಿತದ್ದು ಹೆದರಿಕೆಯನ್ನು.

ಆ ಎಂಜಿನ್ನು ಉಸಿರು ಬಿಡುವ ಬಾಯಿಂದ ಎಣ್ಣೆ ಬೆರೆತ ಹೊಗೆ ಬಂದು ಜನರ ಮೂಗಿಗೆ ಹೊಡೆಯುತ್ತಿತ್ತು. ಕೂತವರೆಲ್ಲ ಬೈಯತೊಡಗಿದಾಗ ಕಾಕಾ ಒಂದು ಉಪಾಯ ಹೂಡಿದ. ಅವ್ವನ ಕಡೆಯಿಂದ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಇಸಿದುಕೊಂಡು, ಅದಕ್ಕೆ ಎರಡು ಮೂತಿ ಬೆಸೆದು, ಎಣ್ಣೆ ಬಸಿಯಲು ತಳಕ್ಕೊಂದು ನಟ್ಟು ಕೂಡಿಸಿದ. ಎಂಜಿನ್ನಿನಿಂದ ಒಂದು ಪೈಪು ಡಬ್ಬಿಗೆ ಬರಬೇಕು, ಎಣ್ಣೆ ಅಲ್ಲಿಯೇ ಕೂಡಬೇಕು, ಬರಿಯ ಗಾಳಿ ಇನ್ನೊಂದು ಪೈಪಿನಿಂದ ಮತ್ತೆ ಎಂಜಿನ್ನು ಗಾಳಿ ಎಳೆಯುವ ಕೊಳವೆಗೆ ಹೋಗಬೇಕು. ಆದರೆ ಆ ಎರಡನೆಯ ಪೈಪಿಗೆ ದಾರಿ ಸಿಗಲಿಲ್ಲ. ನೆಟ್ಟಗೆ ಒಯ್ದರೆ ಕಾದ ಸೈಲೆನ್ಸರ್ ಕೊಳವೆಗೆ ತಾಗುತ್ತಿತ್ತು. ಕಾಕಾ ಅದನ್ನು ಬ್ಯಾಟರಿಯ ಕೆಳಗೆ ಇಳಿಸಿ, ಸುತ್ತು ಹಾಕಿ ಮೇಲಕ್ಕೆತ್ತಿದ. ನಡುವೆ ಅದು ಜೋಲುಬಿತ್ತು.

ಖಂಡೇನವಮಿಯ ದಿನ, ಆಯುಧಪೂಜೆಗೆಂದು ಜೀಪು ತೊಳೆಯುವಾಗ ಅಪ್ಪ ಆ ಜೋಲನ್ನು ಬೆರಳಿಂದ ಎತ್ತಿ ನೋಡಿದ.

“ಮಲ್ಲಾ, ಪೈಪ್ ಹೊಟ್ಟಿ ಬಿಟ್ಟೈತಿ ನೋಡು. ಎಣ್ಣಿ ನಿಂತು ವಜ್ಜ ಆಗೇತಿ. ಡಬ್ಬೀನೂ ತುಂಬಿರಬೇಕು.”

“ನಾಳೆ ತಗೀತೀನಿ ಬಿಡಣ್ಣಾ. ಪಾನಾ ಎಲ್ಲಾ ದೇವರ ಮುಂದ ಕುಂತಾವು.”

ನಟ್ಟು ತಿರುಗಿಸುವ ಪಾನಾ, ಸುತ್ತಿಗೆ, ಸ್ಕ್ರೂ ಬಿಚ್ಚುವ ಪೇಚಕಸ ಎಲ್ಲವೂ ಆಗ ಕುಂಕುಮ ಹಚ್ಚಿಕೊಂಡು ಜಗಲಿಯ ಮೇಲಿದ್ದವು. ಮರುದಿನ ದಸರೆಗೆ ಜೀಪು ಲಿಂಬೆಹಣ್ಣು ತುಳಿದು ಒಂದು ಸುತ್ತು ಹೋಗಿ ಬಂದ ಮೇಲೆಯೇ ಅವನ್ನು ಎತ್ತುವುದು ನಮ್ಮ ಮನೆಯ ಪದ್ಧತಿ. ಕಡ ತರೋಣವೆಂದರೆ ಓಣಿಯ ಪಾನಾಗಳೆಲ್ಲ ಪೂಜೆಗೆ ಕೂತಿದ್ದವು.

“ಒಂದ ಪಾನಾ ಎತ್ತಿದ್ರ ದೇವರು ಸಿಟ್ಟಾಗ್ತಾನೇನು?” ಎಂದ ಅಪ್ಪ.

“ಹಂಗ ಅನಬ್ಯಾಡ್ರಿ. ವರ್ಷಾನುಗಟ್ಲೆ ಅನ್ನ ಕೊಟ್ಟಾವು, ಒಂದಿನ ಕುಂತು ಉಣ್ಣಲಿ,” ಎಂದಳು ಅವ್ವ.

“ವೈನಿ, ಅಣ್ಣಗ ಹೋಳಗಿ ಕೊಡ್ರಿ. ಬಾಯಾಗ ಹೋಳಗಿ ಇದ್ರ ಮಾತ ಬರಂಗಿಲ್ಲ,” ಎಂದು ಕಾಕಾ ನಕ್ಕ. ಅಪ್ಪನೂ ನಕ್ಕ. ನಾನು ಆ ಪೈಪನ್ನೇ ನೋಡುತ್ತಿದ್ದೆ. ಇಲಿ ನುಂಗಿ ಬಿದ್ದ ಹಾವಿನಂತೆ ಅದು ಬ್ಯಾಟರಿಯ ಕೆಳಗೆ ಮಲಗಿತ್ತು.

ಮರುದಿನ ಬೆಳಿಗ್ಗೆ ಜೀಪಿಗೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರಗಳ ಕೆಳಗೆ ಲಿಂಬೆಹಣ್ಣಿಟ್ಟರು. ಅವ್ವ ಆರತಿ ತಟ್ಟೆ ಹಿಡಿದು ಮುಂದೆ ನಿಂತಳು. ನಾನು ಅವಳ ಪಕ್ಕ, ಹಿಂದೆ ಓಣಿಯ ಹೆಂಗಸರು ಮಕ್ಕಳು. ಅಪ್ಪ ಚಾಲೂ ಮಾಡಿ, ಹೊಗೆ ಹೋಗಲೆಂದು ಜೋರಾಗಿ ರೇಸ್ ಕೊಟ್ಟ. ಕಾಲು ತೆಗೆದ. ಸದ್ದು ಇಳಿಯಲಿಲ್ಲ. ಏರಿತು, ಮತ್ತೂ ಏರಿತು, ಕಿರುಚತೊಡಗಿತು. ಅಪ್ಪ ಕೀಲಿಯನ್ನೇ ಕಿತ್ತು ತೆಗೆದ. ಎಂಜಿನ್ನಿಗೆ ಅದು ಗೊತ್ತೇ ಆಗಲಿಲ್ಲ. ಬಿಳಿ ಹೊಗೆ ಅಂಗಳ ತುಂಬಿತು. ಇಡೀ ಜೀಪು ಮೈಮೇಲೆ ದೇವರು ಬಂದಂತೆ ನಡುಗುತ್ತಿತ್ತು.

“ಬ್ರೇಕ್ ತುಳದು ಗೇರಿಗಿ ಹಾಕೋ! ಕ್ಲಚ್ ಬಿಡೋ ಅಣ್ಣಾ! ಬಂದ್ ಬೀಳ್ತೈತಿ!” ಕಾಕಾ ಎದೆ ಒಡೆಯುವಂತೆ ಕೂಗುತ್ತಿದ್ದ.

ಅಪ್ಪ ಮುಂದಿನ ಗಾಜಿನಾಚೆಯಿಂದ ನಮ್ಮನ್ನು ನೋಡಿದ. ಆಮೇಲೆ ಕೆಳಗೆ ಜಿಗಿದ. ಸೀಟಿನ ಮೇಲಿನ ಕೌದಿ ಎಳೆದುಕೊಂಡು, ಬಾನೆಟ್ ಎತ್ತಿ, ಗಾಳಿ ಒಳಗೆ ಹೋಗುವ ರಬ್ಬರ್ ಕೊಳವೆಯನ್ನು ಬರಿಗೈಯಿಂದ ಕಿತ್ತ. ಕೌದಿಯನ್ನು ಉಂಡೆ ಮಾಡಿ ಆ ಬಾಯಿಗೆ ತುರುಕಿ ಮೈಭಾರ ಹಾಕಿ ಒತ್ತಿದ. ಎಂಜಿನ್ನು ಕೌದಿಯನ್ನು ನುಂಗುತ್ತಿತ್ತು, ಜೊತೆಗೆ ಅವನ ಕೈಯನ್ನೂ ಎಳೆಯುತ್ತಿತ್ತು. ಒಳಗಿನ ಕಬ್ಬಿಣ ಸಿಡಿದರೆ ಮೊದಲು ಸಿಗುವುದು ಅಪ್ಪನ ಎದೆ. ಅದು ನನಗೆ ಯಾರೂ ಹೇಳಿಕೊಡದೆ ತಿಳಿಯಿತು. 

ಒಮ್ಮೆ ಕೆಮ್ಮಿತು, ಎರಡು ಸಲ ಕುಲುಕಿತು, ನಿಂತಿತು.

ಅಪ್ಪ ನೆಲಕ್ಕೆ ಕುಸಿದು ಕುಳಿತ. ಕಾಕಾ ಅವನ ಹೆಗಲು ಹಿಡಿದು ಅಲುಗಾಡಿಸುತ್ತ ಅತ್ತ. “ಗೇರಿಗಿ ಹಾಕಂದ್ರ ಕೆಳಗ ಯಾಕ ಇಳದೋ? ಸಾಯಾಕೇನು?”

ಅಪ್ಪನ ಕಿವಿ ಗುಂಯ್ಗುಡುತ್ತಿದ್ದಿರಬೇಕು, ಹೊಲದಾಚೆ ನಿಂತವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದ: “ಮುಂದ ಹುಡುಗಿ ನಿಂತಿತ್ತಲ್ಲೋ. ಬ್ರೇಕ್ ಹಿಡೀಲಿಲ್ಲಂದ್ರ?”

ಅವ್ವ ಆರತಿ ತಟ್ಟೆ ಕೆಳಗಿಟ್ಟು ಬಂದಳು. ಎಲ್ಲರೂ ನೋಡುತ್ತಿರುವಾಗಲೇ ಕಾದ ಕಬ್ಬಿಣ ತಾಗಿ ಸುಟ್ಟ ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಣ್ಣೀರು ಹಾಕುತ್ತ ಕುಳಿತಳು. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ಎಂಜಿನ್ನು ಮತ್ತೆ ಏಳಲಿಲ್ಲ. ಜೀಪು ಗುಜರಿಗೆ ಹೋಯಿತು, ಕಾಕಾ ಸಾಂಗ್ಲಿಯಲ್ಲಿ ಕೆಲಸ ಹಿಡಿದ, ಅಂಗಳದ ಸದ್ದು ಅಡಗಿತು. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಸಿಕ್ಕಿದ್ದಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಉರಿಯುವ ಎಣ್ಣೆ ಯಾವ ದಾರಿಯಿಂದ ಬಂದರೂ ಅದು ಓಡುತ್ತದೆ ಎಂದು ಮೇಷ್ಟ್ರು ಪಾಠ ಮಾಡಿದ ದಿನ, ಆವತ್ತು ಅದು ಓಡಿದ್ದು ಪೈಪಿನ ಹೊಟ್ಟೆಯಲ್ಲಿ ನಿಂತ ಎಣ್ಣೆ ಕುಡಿದು ಎಂದು ತಿಳಿದು, ನಾನು ಬೆಂಚು ಬಿಟ್ಟೆದ್ದು ಹೊರಗೆ ಬಂದು ನಿಂತಿದ್ದೆ. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ಹೋದದ್ದು ಸಾದಾ ಜ್ವರದಲ್ಲಿ, ಹಾಸಿಗೆಯ ಮೇಲೆ. ಅವ್ವ ಅವನ ಹಿಂದೆಯೇ ಹೋದಳು.

ಅಂಗಳ ಈಗ ರಸ್ತೆಯ ಪಾಲಾಗಿದೆ. ಮಿರಜಕ್ಕೆ ಹೋದಾಗ ಒಮ್ಮೊಮ್ಮೆ ನಾನು ಆ ಜಾಗ ಹುಡುಕಿ, ಆವತ್ತು ನಿಂತಿದ್ದಲ್ಲಿಯೇ ನಿಲ್ಲುತ್ತೇನೆ. ಎದುರಿನಿಂದ ಗಾಡಿಗಳು ಹಾರ್ನ್ ಹೊಡೆಯುತ್ತ ಬರುತ್ತವೆ. ಯಾವುದೂ ನಿಲ್ಲುವುದಿಲ್ಲ. ನಾನೇ ಪಕ್ಕಕ್ಕೆ ಸರಿಯುತ್ತೇನೆ.