ತಲಾ ವೆಚ್ಚದಲ್ಲಿ ನಮ್ಮೂರಿನ ಮುನ್ನಡೆ

ಹುಣಸೂರಿನ ನಮ್ಮ ನಿವೃತ್ತ ನೌಕರರ ಕೂಟದಲ್ಲಿ ವರ್ಷಕ್ಕೊಬ್ಬರು ಪ್ರಬಂಧ ಓದಬೇಕು, ಉಳಿದವರು ಊಟದವರೆಗೆ ಎಚ್ಚರವಾಗಿರಬೇಕು. ಕಳೆದ ಜೂನಿನಲ್ಲಿ ಓದುವ ಸರದಿ ನನ್ನದು. ಪ್ರಾಥಮಿಕ ಶಿಕ್ಷಣಕ್ಕೆ ಎರಡು ದೇಶಗಳ ಸರ್ಕಾರಗಳು ಮಾಡುವ ಖರ್ಚಿನ ತುಲನೆ ಕೂಟದ ಖಾಯಂ ವಿಷಯ. ಜಪಾನನ್ನೂ ಫಿನ್‌ಲೆಂಡನ್ನೂ ಹಿಂದಿನವರು ಮುಗಿಸಿಬಿಟ್ಟಿದ್ದರು. ನನ್ನ ಪಾಲಿಗೆ ಶ್ರೀಲಂಕಾ ಉಳಿದಿತ್ತು.

ಲಂಕೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆಷ್ಟು ಎಂಬುದು ಸೊಸೆಯ ಮೊಬೈಲಿನಲ್ಲಿ ಸಿಕ್ಕಿತು. ಭಾರತದ ಸರಾಸರಿಯೂ ಅಲ್ಲೇ ಇತ್ತು. ಆದರೆ ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕಚೇರಿಯಿಂದ ಹೊರಟ ಲೆಕ್ಕವನ್ನು ಕಣ್ಣಾರೆ ನೋಡದೆ ನಂಬುವ ಅಭ್ಯಾಸವಿಲ್ಲ. ಹಾಗಾಗಿ ಭಾರತವನ್ನು ಖುದ್ದಾಗಿ ಅಳೆಯಲು, ಕಟ್ಟೆಮಳಲವಾಡಿ ಕಡೆಯ ನಮ್ಮ ಪುಟ್ಟ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಹೊರಟೆ.

ಅಲ್ಲಿ ಒಬ್ಬರು ಟೀಚರ್, ಒಬ್ಬಳು ಬಿಸಿಯೂಟದ ಅಡುಗೆಯಾಕೆ, ನಾಲ್ಕು ಮಕ್ಕಳು. ಟೀಚರ್ ಸಂಬಳ, ಅಡುಗೆಯಾಕೆಯ ಗೌರವಧನ, ಅಕ್ಕಿ, ಬೇಳೆ, ಹಾಲು, ಮೊಟ್ಟೆ, ಸಮವಸ್ತ್ರ ಎಲ್ಲವನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದೆ. ನಮ್ಮೂರು ಶ್ರೀಲಂಕಾ ದೇಶವನ್ನು ಬಹುದೂರ ಹಿಂದೆ ಹಾಕಿತ್ತು. ಇಂಥ ಸುದ್ದಿಯನ್ನು ಕುಳಿತು ಹೇಳಬಾರದೆಂದು ಎದ್ದು ನಿಂತು ಘೋಷಿಸಿದೆ.

ಟೀಚರ್ ಎದ್ದು ಬಂದು ನನ್ನ ಲೆಕ್ಕದ ಚೀಟಿಯ ಮೇಲೆ ಅಂಗೈ ಮುಚ್ಚಿದರು.

"ಸಾರ್, ಇದನ್ನ ಅಲ್ಲಿ ಓದಬೇಡಿ. ನಿಮ್ಮ ಕೂಟಕ್ಕೆ ನಮ್ಮ ಶಿಕ್ಷಣ ಇಲಾಖೆ ಸಾಹೇಬ್ರೂ ಅತಿಥಿಯಾಗಿ ಬರ್ತಾರೆ. ಈ ತಿಂಗಳು ಇನ್ನೊಂದು ಮಗು ಸೇರದಿದ್ರೆ ಶಾಲೆ ಮುಚ್ಚಿ ರಸ್ತೆಯಾಚೆ ಊರಿನ ಶಾಲೆಗೆ ಸೇರಿಸ್ತೀವಿ ಅಂದಿದ್ದಾರೆ. ನಿಮ್ಮ ಲೆಕ್ಕ ಕೇಳಿದ್ರೆ ತಿಂಗಳು ಮುಗಿಯೋವರೆಗೂ ಕಾಯಲ್ಲ."

ಅಡುಗೆಯಾಕೆ ಸೌಟು ಹಿಡಿದೇ ಹೊರಗೆ ಬಂದಳು. "ಅಣ್ಣಯ್ಯ, ಲಂಕೆ ಕತೆ ಆಮ್ಯಾಕಾಗ್ಲಿ ಬುಡಿ. ನಿಮ್ ಮೊಮ್ಮಗ್ಳು ದಿನಾ ಅಳದಿ ವ್ಯಾನ್ ಅತ್ಕೊಂಡು ಉಣ್ಸೂರಿಗೆ ಓಯ್ತಾಳಲ್ಲ, ಅವ್ಳು ಯಾವ್ ದೇಸದ್ ಲೆಕ್ಕಕ್ ಬತ್ತಾಳೆ?"

ನಾನು ಟಿಪ್ಪಣಿಗಳನ್ನು ಮಡಚಿ ಜೇಬಿಗಿಟ್ಟು ಮನೆಯ ದಾರಿ ಹಿಡಿದೆ.

ಸಂಜೆ ಸೊಸೆಯ ಮುಂದೆ, ಮೊಮ್ಮಗಳನ್ನು ನಮ್ಮೂರ ಶಾಲೆಗೆ ಸೇರಿಸುವ ಪ್ರಸ್ತಾವ ಮಂಡಿಸಿದೆ. ಅವಳು ಹುರುಳಿಕಾಯಿ ಮುರಿಯುತ್ತಲೇ ವಿಚಾರಣೆ ಶುರುಮಾಡಿದಳು.

"ಇಂಗ್ಲಿಷ್ ಯಾರು ಕಲಿಸ್ತಾರೆ ಮಾವ?"

"ಟೀಚರ್."

"ಲೆಕ್ಕ?"

"ಅವರೇ."

"ಅವರು ರಜೆ ಹಾಕಿದ ದಿನ?"

ಆ ಪ್ರಶ್ನೆಯನ್ನು ಮುಂದಿನ ಅಧಿವೇಶನಕ್ಕೆ ಮುಂದೂಡಿದೆ. ಬದಲಿಗೆ, "ನಾಲ್ಕು ಮಕ್ಕಳಿಗೆ ಪೂರಾ ಒಬ್ಬರು ಟೀಚರಮ್ಮ. ಆ ವ್ಯಾನಿನ ಸ್ಕೂಲಿನಲ್ಲಿ ನಮ್ಮ ಮಗುವಿನ ಹೆಸರು ಕರೆಯೋದು ಹಾಜರಿಯಲ್ಲಿ ಮಾತ್ರ" ಎಂದೆ. ಅವಳು ಮರುದಿನ ನನಗೆ ಹೇಳದೆ ಶಾಲೆಗೆ ಹೋಗಿ ಶೌಚಾಲಯ ನೋಡಿ, ಸಾರಿನ ರುಚಿ ನೋಡಿ, ಎರಡನೇ ತರಗತಿಯ ಹುಡುಗಿಯೊಬ್ಬಳಿಂದ ಒಂದು ಪುಟ ಓದಿಸಿ ಬಂದಳು.

"ಒಂದು ವರ್ಷ ನೋಡೋಣ ಮಾವ. ಆದ್ರೆ ಕರ್ಕೊಂಡು ಹೋಗೋದು ಬರೋದು ನಿಮ್ಮ ಕೆಲಸ. ಟೀಚರ್ ರಜೆ ಹಾಕಿದ ದಿನ ಹೋಗಿ ಕೂತು ಪಾಠ ಹೇಳೋದೂ ನಿಮ್ಮದೇ."

ಭಾನುವಾರ ಕೂಟದಲ್ಲಿ ದೇಶದ ಸರಾಸರಿಯನ್ನಷ್ಟೇ ಓದಿದೆ. ನಮ್ಮೂರಿನ ಮುನ್ನಡೆಯನ್ನು ರಾಷ್ಟ್ರದ ಕಿವಿಗೆ ಬೀಳದಂತೆ ನೋಡಿಕೊಂಡೆ. ಸಾಹೇಬರು ಮುಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೇಳಿದರು.

ಸೋಮವಾರ ಮೊಮ್ಮಗಳ ಹೆಸರು ಹಾಜರಿ ಪುಸ್ತಕ ಹತ್ತಿತು. ಟೀಚರ್ ಎರಡು ಸಲ ಅದರ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಚೀಟಿ ಈಸಿಕೊಂಡು, ಮೊತ್ತವನ್ನು ಈ ಸಲ ಐದರಿಂದ ಭಾಗಿಸಿದರು.

"ಇನ್ನೂ ನಾವೇ ಮುಂದೆ ಇದ್ದೀವಾ ಸಾರ್?"

"ಬಹಳ ಮುಂದೆ," ಎಂದೆ.

"ಅಂಗಾದ್ರೆ ಕುಂತ್ಕೊಂಡ್ ಏನ್ ಮಾಡ್ತಿದ್ದೀರಿ ಅಣ್ಣಯ್ಯ?" ಎಂದಳು ಅಡುಗೆಯಾಕೆ. "ನಿಮ್ ಪಕ್ಕದ್ ಮನೇಲಿ ಇನ್ನೆರಡು ಮಕ್ಳವೆ. ಏಳಿ."