ಪೇಟೆ ಬೀದಿ ಅಗಲವಾದ ಮೇಲೆ

ಕಲ್ಲುಬಾವಿ ಪಟ್ಟಣಕ್ಕೆ ಇದ್ದದ್ದು ಒಂದೇ ಪೇಟೆ ಬೀದಿ. ತಿಪಟೂರಿನ ಕಡೆಯಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ಬಸ್ಸೂ ಅದರಲ್ಲೇ ನುಸುಳಬೇಕು, ಕೊಬ್ಬರಿ ಮೂಟೆ ಹೇರಿಕೊಂಡ ಲಾರಿಯೂ ಅದರಲ್ಲೇ ಹಾಯಬೇಕು. ಸಂತೆಯ ದಿನವಂತೂ ಒಂದು ಸೈಕಲ್ಲಿಗೂ ದಾರಿ ಸಿಗುತ್ತಿರಲಿಲ್ಲ. ಅಂಥದೊಂದು ಸಂತೆಯ ದಿನವೇ ಮಂಗಳಾಳ ಗಂಡ ತಿಪ್ಪಯ್ಯ ಆ ಬೀದಿಯ ನಡುಮಧ್ಯೆ, ಆಟೋದೊಳಗೆ ಪ್ರಾಣ ಬಿಟ್ಟ.

ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಜೊತೆಯವರು ಆಟೋಗೆ ಹತ್ತಿಸಿದರು. ಆಸ್ಪತ್ರೆ ಬೀದಿಯ ಆ ತುದಿಯಲ್ಲಿ. ಮುಂದೆ ಬಸ್ಸು, ಹಿಂದೆ ಲಾರಿ, ಎರಡೂ ಕಡೆ ತರಕಾರಿ ರಾಶಿ. ಆಟೋದವನು ಹಾರನ್ ಒತ್ತಿ ಒತ್ತಿ ಸೋತ. ಬೀದಿ ಬದಿಯಲ್ಲಿ ಕಡ್ಡಿಪೊರಕೆ, ಮೊರ ಹರಡಿಕೊಂಡು ಕೂರುತ್ತಿದ್ದ ಭೂತಮ್ಮ ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದು ಆಟೋ ಹತ್ತಿದಳು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಬೆವರು ಒರೆಸಿದಳು. ಕಾಯಿಪುಡಿ ಫ್ಯಾಕ್ಟರಿಯಲ್ಲಿ ತೆಂಗಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದ ಮಂಗಳಾ ಸುದ್ದಿ ತಿಳಿದು ಓಡಿಬಂದಾಗಲೂ ಆಟೋ ಅಲ್ಲೇ ನಿಂತಿತ್ತು. ತಿಪ್ಪಯ್ಯ ಇರಲಿಲ್ಲ.

"ನಿನ್ನ ಹೆಸ್ರೇ ಕೂಗ್ದ ಕಣೇ," ಎಂದಳು ಭೂತಮ್ಮ.

ಮಂಗಳಾಳ ಓಣಿಯವಳೇ, ಮಕ್ಕಳಿಲ್ಲದ ವಿಧವೆ ಭೂತಮ್ಮ. ಆಮೇಲೆ ಎಷ್ಟೋ ತಿಂಗಳು ಮಂಗಳಾಳ ಮನೆಯಲ್ಲೇ ಮಲಗಿದಳು. ಅಡುಗೆ ಮಾಡಿ, ಎದುರಿಗೆ ಕೂತು, ಬೈದು ಬೈದು ಉಣ್ಣಿಸಿದಳು. ಪಟ್ಟಣ ಪಂಚಾಯ್ತಿ ಚುನಾವಣೆ ಬಂದು, ಅವರ ವಾರ್ಡು ಹೆಂಗಸರಿಗೆ ಮೀಸಲಾದಾಗ ಮಂಗಳಾಳನ್ನು ನಿಲ್ಲಿಸಿದವಳೂ ಅವಳೇ.

"ನಂಗೆ ಭಾಷಣ ಗೀಷಣ ಬರಕಿಲ್ಲ ಅಕ್ಕ," ಎಂದು ಮಂಗಳಾ ಹಿಂಜರಿದಳು.

"ಭಾಷಣ ಯಾರು ಕೇಳ್ತಾರೆ? ಆ ಬೀದಿ ಒಂದು ಅಗಲ ಮಾಡ್ಸು. ಇನ್ನೊಬ್ಳು ನಿನ್ನಂಗೆ ಬೀದೀಲಿ ಕೂತು ಅಳಬಾರ್ದು."

ಮಂಗಳಾ ಗೆದ್ದಳು. ಪಂಚಾಯ್ತಿಯಲ್ಲಿ ಮೊದಲ ದಿನದಿಂದ ಅವಳದು ಒಂದೇ ಮಾತು, ಪೇಟೆ ಬೀದಿ. ಉಳಿದ ಸದಸ್ಯರು ಮೊದಮೊದಲು ನಕ್ಕರು, ಆಮೇಲೆ ಬೇಸತ್ತರು, ಕಡೆಗೆ ಒಪ್ಪಿದರು. ಆ ವರ್ಷ ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಸಭೆಯಲ್ಲಿ ಮೂರು ವಿಷಯ ಬಂದವು: ರಸ್ತೆ ಅಗಲೀಕರಣ, ಹೊಸ ಬಸ್ ನಿಲ್ದಾಣ, ಬೀದಿ ವ್ಯಾಪಾರಿಗಳಿಗೆ ಶೆಡ್ಡು. ಇಂಜಿನಿಯರು ನಕ್ಷೆ ಬಿಡಿಸಿ, ರಸ್ತೆಗೆ ಹೋಗುವ ಜಾಗದ ಮೇಲೆ ಪೆನ್ನಾಡಿಸಿದ. ಬೀದಿಯ ಮೂಡಣ ಬದಿಯ ಸಾಲು ಪೂರ್ತಿ ಹೋಗುತ್ತಿತ್ತು. ಅದು ಭೂತಮ್ಮ ಕೂರುತ್ತಿದ್ದ ಸಾಲು.

ಮಂಗಳಾ ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡು ನೋಡಿದಳು. ಎದ್ದು ನಿಂತು, "ಮೊದ್ಲು ಶೆಡ್ಡು ಕಟ್ಸಿ. ಆಮೇಲೆ ಅಗಲ ಮಾಡಾನ," ಎಂದಳು.

ಅಧ್ಯಕ್ಷ ಬಾಲರಾಜು ಕೆಟ್ಟವನಲ್ಲ. ಮೆಲ್ಲಗೇ ಹೇಳಿದ: "ಮಂಗಳಮ್ಮ, ಬಂದಿರೋ ಅನುದಾನ ರಸ್ತೆಗೆ. ಮಾರ್ಚ್ ಕಳುದ್ರೆ ವಾಪಸ್ ಹೋಯ್ತದೆ. ಈ ವರ್ಷ ರಸ್ತೆ, ಬರೋ ವರ್ಷ ಶೆಡ್ಡು. ರಸ್ತೆ ಬೇಕು ಅಂತಾನೆ ಅಲ್ವೇನ್ರೀ ನೀವು ಗೆದ್ದು ಬಂದಿರೋದು?"

ಅವಳ ಕಣ್ಣ ಮುಂದೆ ಆ ಆಟೋ ಬಂತು. ರಸ್ತೆಯ ಪರವಾಗಿ ಕೈ ಎತ್ತಿದಳು.

ಸಂಜೆ ನೇರ ಭೂತಮ್ಮನ ಹತ್ತಿರ ಹೋಗಿ, ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಭೂತಮ್ಮ ಕಟ್ಟುತ್ತಿದ್ದ ಪೊರಕೆಯನ್ನು ಕೆಳಗಿಟ್ಟಳು.

"ಶೆಡ್ಡು ಕೊಡ್ತಾರಾ?"

"ಬರೋ ವರ್ಷ ಅಂದವ್ರೆ ಅಕ್ಕ."

"ನೀನು ಹೇಳ್ತಿದೀಯಲ್ಲ, ಸಾಕು ಬುಡು."

ಜೆಸಿಬಿ ಬಂದ ಬೆಳಿಗ್ಗೆ ಸಾಲಿನ ಹೆಂಗಸರೆಲ್ಲ ಅಡ್ಡ ಕೂತರು. ಗಲಾಟೆಯಾಗುತ್ತದೆಂದು ಪೊಲೀಸರೂ ಬಂದಿದ್ದರು. ಆಗ ಭೂತಮ್ಮ ತನ್ನ ಟಾರ್ಪಾಲನ್ನು ತಾನೇ ಬಿಚ್ಚಿದಳು. ಮಡಿಚಿ ಬಗಲಿಗಿಟ್ಟುಕೊಂಡು, "ನಮ್ಮ ಮಂಗಳಾ ಮಾತು ಕೊಟ್ಟವ್ಳೆ, ಎದ್ದೇಳ್ರೇ," ಎಂದಳು. ಅವಳ ಮಾತು ಕೇಳಿ ಒಬ್ಬೊಬ್ಬರೇ ಎದ್ದರು.

ರಸ್ತೆ ಅಗಲವಾಯಿತು, ಡಾಂಬರು ಬಿತ್ತು. ಮುಂದಿನ ವರ್ಷದ ಸಭೆಯಲ್ಲಿ ಶೆಡ್ಡು ಮತ್ತೆ ಕೆಳಕ್ಕೆ ಜಾರಿತು. ಬಸ್ ನಿಲ್ದಾಣವಾದರೆ ಜನ ಬರುತ್ತಾರೆ, ಜನ ಬಂದರೆ ಊರಿನ ವ್ಯಾಪಾರ ಬೆಳೆಯುತ್ತದೆ ಎಂದರು. ಮಂಗಳಾ ಕೂಗಾಡಿದಳು, ಮೇಜು ಗುದ್ದಿದಳು. ಅವಳ ಕೈಯ ಜೊತೆ ಇನ್ನೊಂದು ಕೈ ಏಳಲಿಲ್ಲ.

ಭೂತಮ್ಮ ಪೊರಕೆ ಹೊರೆಯನ್ನು ತಲೆ ಮೇಲೆ ಹೊತ್ತು ಬೀದಿ ಬೀದಿ ತಿರುಗಿದಳು. ಮಂಡಿನೋವು ಹೆಚ್ಚಾಯಿತು. ಮಂಗಳಾ ಎದುರಾದರೆ ಬೇರೆ ಓಣಿಗೆ ತಿರುಗಿಬಿಡುತ್ತಿದ್ದಳು. ಒಂದು ದಿನ ನೋಡಿದರೆ ಅವಳ ಮನೆಗೆ ಬೀಗ. ಕಂದಿಕೆರೆಯ ತಮ್ಮ ದುರ್ಗಯ್ಯನ ಮನೆಗೆ ಹೊರಟುಹೋದಳೆಂದು ಪಕ್ಕದ ಮನೆಯವರು ಹೇಳಿದರು. ಮಂಗಳಾಳಿಗೆ ಒಂದು ಮಾತೂ ಹೇಳಿರಲಿಲ್ಲ.

ಮಂಗಳಾ ಬಸ್ಸು ಹಿಡಿದು ಕಂದಿಕೆರೆಗೆ ಹೋದಳು. ದುರ್ಗಯ್ಯನ ಅಂಗಳದಲ್ಲಿ ಭೂತಮ್ಮ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಇವಳನ್ನು ಕಂಡು ಗೋಡೆ ಹಿಡಿದು ಎದ್ದಳು.

"ಬನ್ನಿ ಮೇಡಮ್ಮೋರೇ. ಕೂತ್ಕಳಿ." ಒಳಗಿನಿಂದ ಕುರ್ಚಿ ತಂದು ಹಾಕಿ, ತಾನು ನೆಲದ ಮೇಲೆ ಕೂತಳು.

ಮಂಗಳಾ ಕುರ್ಚಿಯನ್ನು ಸರಿಸಿ ಅವಳೆದುರು ನೆಲದಲ್ಲೇ ಕುಕ್ಕರಿಸಿದಳು. "ಅಕ್ಕ, ನನ್ನ ಬಯ್ಯಿ. ಹೊಡೀ ಬೇಕಾದ್ರೆ. ಹಿಂಗೆ ಮಾತಾಡ್ಬೇಡ."

"ನಿಮ್ಮನ್ಯಾಕೆ ಬಯ್ಯಾನ? ಊರಿಗೆ ಒಳ್ಳೇದೇ ಮಾಡಿದೀರಿ." ಭೂತಮ್ಮ ಕಡ್ಡಿಗಳನ್ನು ಒಟ್ಟು ಮಾಡುತ್ತ ಕೇಳಿದಳು, "ಈಗ ಆಂಬುಲೆನ್ಸ್ ಸಲೀಸಾಗಿ ಹೋಗ್ತದಾ?"

"ಹೋಗ್ತದೆ. ಮೊನ್ನೆ ಸಂತೆ ದಿನಾನೇ ಒಬ್ಳು ಬಸುರೀನ ಕರ್ಕಂಡು ಹೋದ್ರು. ತಾಯಿ ಮಗು ಇಬ್ರೂ ಚೆನ್ನಾಗವ್ರೆ."

ಭೂತಮ್ಮನ ಕಣ್ಣು ತುಂಬಿತು. "ಸರಿ ಬುಡಿ, ಅಷ್ಟಾಯ್ತಲ್ಲ," ಎಂದಳು. ಕಾಫಿ ಕೊಟ್ಟಳು. ಬಸ್ಸಿಗೆ ಹೊತ್ತಾಯಿತೇನೋ ಎಂದು ಅವಳೇ ನೆನಪಿಸಿದಳು. ಅಂಗಳ ದಾಟಿ ಬರಲಿಲ್ಲ.

ಶೆಡ್ಡುಗಳನ್ನು ಕಟ್ಟಲಿಲ್ಲವೆಂದಲ್ಲ. ಮಂಗಳಾಳ ಅವಧಿಯ ಕೊನೆಯ ವರ್ಷ ಕಟ್ಟಿದರು. ಎಬ್ಬಿಸಿದ ಹೆಂಗಸರಿಗೇ ಕೊಡಬೇಕೆಂದು ಅವಳು ಹಟ ಹಿಡಿದು ಗೆದ್ದಳು ಕೂಡ. ಮೂಲೆಯ, ಬಿಸಿಲು ಬೀಳದ ಜಾಗವನ್ನು ಭೂತಮ್ಮನಿಗೆಂದು ಬಿಡಿಸಿಟ್ಟು ಹೇಳಿಕಳಿಸಿದಳು. ದುರ್ಗಯ್ಯ ಫೋನ್ ಮಾಡಿದ.

"ಅಕ್ಕ ಬರಕಿಲ್ವಂತೆ ಕಣ್ರೀ. ಬೇರೆ ಯಾರಾದ್ರೂ ಬಡವರಿಗೆ ಕೊಡಿ ಅಂದ್ಲು."

"ಅವಳ ಕೈಗೆ ಒಂದ್ ಸಲ ಫೋನ್ ಕೊಡಿ ದುರ್ಗಯ್ಯ."

"ಹಿಂದುಗಡೆ ಹಸಾ ಕಟ್ಟಕ್ಕೆ ಹೋದ್ಲು," ಎಂದ ಅವನು. ಪಕ್ಕದಲ್ಲೇ ಯಾರೋ ಕೆಮ್ಮಿದ್ದು ಮಂಗಳಾಳಿಗೆ ಕೇಳಿಸಿತು. ಆ ಕೆಮ್ಮು ಅವಳಿಗೆ ಗೊತ್ತಿತ್ತು.

ಮುಂದಿನ ಚುನಾವಣೆಗೆ ಅವಳು ನಿಲ್ಲಲಿಲ್ಲ. ಕಾಯಿಪುಡಿ ಫ್ಯಾಕ್ಟರಿಯಲ್ಲಿ ಮತ್ತೆ ಕೆಲಸಕ್ಕೆ ಸೇರಿದಳು. ಮನೆಗೆ ಪೇಟೆ ಬೀದಿಯೇ ಹತ್ತಿರ, ಆದರೂ ಕೆರೆ ಏರಿ ಸುತ್ತಿಕೊಂಡು ಹೋಗುತ್ತಾಳೆ. ಯಾಕೆಂದು ಜೊತೆಯ ಹೆಂಗಸರು ಕೇಳಿದರೆ, ಅಲ್ಲಿ ಗಾಳಿ ಚೆನ್ನಾಗಿದೆ ಅನ್ನುತ್ತಾಳೆ.